ಒಂದು ಗಂಟೆಯ ದಾರಿ!

ಸಿನಿಮಾದಲ್ಲಿ ವಿಮಾನ ಪ್ರಯಾಣ ಅಂದ್ರೆ ಎರಡೇ ಶಾಟು. ಒಂದರಲ್ಲಿ ವಿಮಾನ ಏರುತ್ತೆ, ಇನ್ನೊಂದರಲ್ಲಿ ಇಳಿಯುತ್ತೆ. ಮೂರನೇ ಶಾಟಿಗೆ ಹೀರೋ ಮನೆಗೆ ಬಂದು ಅಮ್ಮನ ಕಾಲಿಗೆ ಬಿದ್ದಿರ್ತಾನೆ! ಈ ಲೆಕ್ಕ ನಂಬಿ ಕೆಟ್ಟವನು ನಾನು. ನೀವು ಕೆಡಬಾರದು ಅಂತ ಬರೀತಿದೀನಿ, ಗೆಳೆಯರೇ.

ನನ್ನೂರು ತಾವರೆಕೆರೆ. ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುತ್ತೆ. ಅಲ್ಲಿ ಅಪ್ಪನ ಟೀ ಅಂಗಡಿ. ದೇವರ ಪಟದ ಪಕ್ಕ ಶಂಕರ್‌ನಾಗ್ ಫೋಟೋ. 1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಶೂಟಿಂಗಿಗೆ ಲೋಕಾಪುರಕ್ಕೆ ಹೊರಟಿದ್ದ ಶಂಕರಣ್ಣ, ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಬಲಿಯಾದರಲ್ಲ, ಅದೇ ಹೆದ್ದಾರಿ ಇದು. ಆಗ ಅವರಿಗೆ ಬರೀ 35. "ನಮ್ಮ ಅಂಗಡಿ ಮುಂದೇ ಹೋಗಿರ್ತಾನೆ ಕಣ್ಲಾ, ಒಂದು ಟೀಗೆ ನಿಂತಿದ್ದಿದ್ರೆ..." ಅಂತ ಅಪ್ಪ ಎಷ್ಟು ಸಲ ಅಂದಿದ್ದನೋ! ನಾನು ಪಿಯುಸಿ ಬಿಟ್ಟು ಸಿನಿಮಾ ಬಗ್ಗೆ ಬರೀತೀನಿ ಅಂದಾಗ ಬೈಯದೆ ಕಳಿಸಿದ್ದೂ ಆ ಹುಚ್ಚಿಗೇ.

2023ರ ಆಗಸ್ಟು. ಶೂಟಿಂಗ್ ವರದಿಗೆ ಅಂತ ಹುಬ್ಬಳ್ಳಿಯಲ್ಲಿದ್ದೆ. ಬೆಳಿಗ್ಗೆ ಎಂಟಕ್ಕೆ ಅಕ್ಕನ ಫೋನು. "ಅಪ್ಪಂಗೆ ಉಸಿರು ಎಳೀತೈತೆ. ಡಾಕ್ಟ್ರು ಮನೆಗೆ ಕರ್ಕೊಂಡೋಗಿ ಅಂದವ್ರೆ. ಹೊರಡೋ."

ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡುವವನಿದ್ದೆ. ಯೂನಿಟ್ಟಿನ ಹಿರಿಯರೊಬ್ಬರು ತಡೆದರು. "ಬಸ್ಸಿನ್ಯಾಗ ಯಾಕ ಒದ್ದಾಡ್ತೀರಿ? ವಿಮಾನದಾಗ ಒಂದ ತಾಸು!" ಪಾಪ, ತಮ್ಮ ದುಡ್ಡಲ್ಲೇ ಟಿಕೆಟ್ ಮಾಡಿಸಿಕೊಟ್ಟರು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 410 ಕಿ.ಮೀ. ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 370. ಗಂಟೆಗೆ 500 ಕಿ.ಮೀ. ಹಾರುವ ವಿಮಾನಕ್ಕೆ ಮುಕ್ಕಾಲು ಗಂಟೆ. ರನ್‌ವೇವರೆಗೆ ಉರುಳೋದು, ಏರೋದು, ಇಳಿಯೋದು ಸೇರಿಸಿ ಒಂದು ಗಂಟೆ ಚಿಲ್ಲರೆ. ಟಿಕೆಟ್ಟಿನ ಲೆಕ್ಕ ಅಲ್ಲಿಗೆ ಮುಗೀತು. ಮನುಷ್ಯನ ಲೆಕ್ಕ ಮುಗಿಯಲಿಲ್ಲ!

ವಿಮಾನ ಹೊರಟಿದ್ದು ಹನ್ನೊಂದಕ್ಕೆ. ನನ್ನ ಜೀವಮಾನದ ಮೊದಲ ವಿಮಾನ ಅದು. ಆ ನೇರ ಗೆರೆ ನಮ್ಮ ಶಿರಾ ಸೀಮೆ ಮೇಲೇ ಹಾಯುತ್ತೆ. ಮೋಡದ ಸಂದಿಯಲ್ಲಿ ಒಂದು ಕೆರೆ, ದಾರದಂಥ ರಸ್ತೆ ಕಂಡವು. "ಅಲ್ಲೇ ಎಲ್ಲೋ ನಮ್ಮೂರು" ಅಂದುಕೊಂಡೆ. ಹೇಳೋಕೆ ನಾಚಿಕೆಯಾಗುತ್ತೆ, ಆ ಹೊತ್ತಲ್ಲೂ ಒಂದು ಫೋಟೋ ಹೊಡ್ಕೊಂಡೆ.

ದೇವನಹಳ್ಳಿಯಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಬ್ಯಾಗು ಕೈಗೆ ಬಂದು ವಾಯುವಜ್ರ ಬಸ್ ಹಿಡಿದು ಮೆಜೆಸ್ಟಿಕ್ ಮುಟ್ಟಿದಾಗ ಎರಡೂಕಾಲು. ಅಲ್ಲಿಂದ ಹಾರಿ ಬಂದ ದಾರಿಯಲ್ಲೇ ವಾಪಸ್ಸು! ನೆಲಮಂಗಲದವರೆಗೆ ಟ್ರಾಫಿಕ್ಕು. ತಾವರೆಕೆರೆಯಲ್ಲಿ ಇಳಿದಾಗ ಆರಕ್ಕೆ ಕಾಲು ಗಂಟೆ. ಅಂಗಡಿ ಬಾಗಿಲು ಹಾಕಿತ್ತು. ಮನೆ ಮುಂದೆ ಬೆಂಕಿ ಹಾಕಿದ್ದರು.

"ಮೂರು ಗಂಟೆವರೆಗೂ ಬಾಗಿಲ ಕಡೆಗೇ ನೋಡ್ತಿದ್ದ ಕಣೋ" ಅಂದಳು ಅಕ್ಕ.

ಹುಬ್ಬಳ್ಳಿಯಲ್ಲಿ ಎಂಟೂವರೆಯ ಬಸ್ ಹತ್ತಿದ್ದರೆ ಎರಡು ಗಂಟೆಗೆ ನಮ್ಮ ಅಂಗಡಿ ಮುಂದೆ ಇಳೀತಿದ್ದೆ. ಇದನ್ನು ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು.

ಈಗ ಯಾರಾದರೂ "ಒಂದೇ ಗಂಟೆ" ಅಂದರೆ ಕೇಳ್ತೀನಿ: ಯಾವ ಬಾಗಿಲಿಂದ ಯಾವ ಬಾಗಿಲಿಗೆ ಸ್ವಾಮೀ?

ಅಂಗಡಿಯನ್ನು ಈಗ ಭಾವ ನಡೆಸ್ತಾರೆ. ಶಂಕರಣ್ಣನ ಫೋಟೋ ಪಕ್ಕ ಅಪ್ಪನದೂ ಇದೆ. ಆ ಕಡೆ ಹೋದರೆ ಒಂದು ಟೀಗೆ ನಿಲ್ಲಿ.