ಎಂಟು ದಿನಕ್ಕೊಂದು ವಾರ

ಫ್ರೆಂಚ್ ಕಲಿಯುವವರು ಮೊದಲ ತಿಂಗಳಲ್ಲೇ ಎದುರಾಗುವ ಪದ ‘ರಾಂದೆವೂ’. ಇಂಗ್ಲಿಷಿಗೆ ಹೋಗಿ ಈ ಪದಕ್ಕೆ ಗುಟ್ಟಿನ ಭೇಟಿಯ ಬಣ್ಣ ಬಂದಿದೆ. ಫ್ರಾನ್ಸಿನಲ್ಲಿ ಹಾಗಿಲ್ಲ. ಹಲ್ಲಿನ ಡಾಕ್ಟರನ್ನು ಕಾಣಲು ಸಮಯ ಗೊತ್ತುಮಾಡಿಕೊಂಡರೆ ಅದೂ ರಾಂದೆವೂ, ಬ್ಯಾಂಕಿನವರನ್ನು ಕಾಣುವುದೂ ರಾಂದೆವೂ. ಓದಲು ಅಲ್ಲಿಗೆ ಹೋಗುವ ವಿದ್ಯಾರ್ಥಿಗೆ ಇದಿಲ್ಲದೆ ದಿನ ಸಾಗುವುದಿಲ್ಲ.

ಬೆಂಗಳೂರಿನಲ್ಲಿ ಕೆಲವು ವರ್ಷ ನಾನು ಸಂಜೆಯ ಹೊತ್ತು ಮಕ್ಕಳಿಗೆ ಫ್ರೆಂಚ್ ಹೇಳಿಕೊಟ್ಟಿದ್ದೇನೆ. ಅಂಕ ಹೆಚ್ಚು ಬರುತ್ತದೆಂದು ಶಾಲೆಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ಹಿಡಿದ ಮಕ್ಕಳೇ ಬಹಳ. “ಮೇಷ್ಟ್ರೇ, ಮನೆಯಲ್ಲೂ ಕನ್ನಡ ಕಡಿಮೆ ಮಾಡಿದರೆ ಒಳ್ಳೆಯದಲ್ಲವೇ?” ಎಂದು ಕೇಳಿದ ತಂದೆತಾಯಿಗಳೂ ಉಂಟು.

ಅವರಿಗೆ ನಾನು ಉತ್ತರವಾಗಿ ಹೇಳುತ್ತಿದ್ದುದು ಈ ಭೇಟಿಯ ಮಾತುಗಳನ್ನೇ. ‘ನಿಮಗೆ ಅನುಕೂಲವೇ?’ ಎನ್ನಲು ಫ್ರೆಂಚರು ‘ಸ ವೂ ಕೊಂವ್ಯಾಂ?’ ಎನ್ನುತ್ತಾರೆ. ಗೆಳೆಯನಿಗಾದರೆ ‘ಸ ತ ಕೊಂವ್ಯಾಂ?’. ಇಂಗ್ಲಿಷಿನಲ್ಲಿ ಯೋಚಿಸುವ ಹುಡುಗ ಇಲ್ಲಿ ತಡವರಿಸುತ್ತಾನೆ. ಅಮ್ಮನಿಗೆ ನೀನು, ಮೇಷ್ಟ್ರಿಗೆ ನೀವು ಎಂದು ಬೆಳೆದ ಮಗುವಿಗೆ ವಿವರಿಸುವುದೇ ಬೇಡ.

ಒಮ್ಮೆ ತರಗತಿಯಲ್ಲಿ ಕೇಳಿದೆ: “ಇವತ್ತು ಮಂಗಳವಾರ. ‘ದಾಂ ಕ್ಯಾಂಜ್ ಜೂರ್’, ಅಂದರೆ ಹದಿನೈದು ದಿನದಲ್ಲಿ ಬಾ ಎಂದರು. ಯಾವ ವಾರ ಹೋಗುತ್ತೀರಿ?” ಎಲ್ಲರೂ ಬೆರಳು ಮಡಿಸಿ “ಬುಧವಾರ” ಎಂದರು. ಹಾಸನದ ಕಡೆಯ ಹುಡುಗಿಯೊಬ್ಬಳು ಮಾತ್ರ “ಮಂಗಳವಾರವೇ ಸರ್. ನಮ್ಮಜ್ಜಿ ಸಂತೆ ಎಂಟು ದಿನಕ್ಕೊಂದು ಸಲ ಅಂತಾರೆ, ಆದರೆ ಸಂತೆ ಬರುವುದು ಅದೇ ವಾರ” ಎಂದಳು. ಅವಳ ಉತ್ತರವೇ ಸರಿ. ಫ್ರೆಂಚರಿಗೂ ವಾರವೆಂದರೆ ‘ಯುಯಿ ಜೂರ್’, ಎಂಟು ದಿನ. ಎರಡು ವಾರವೆಂದರೆ ಹದಿನೈದು ದಿನ. ಬುಧವಾರ ಹೋದವನಿಗೆ ಬಾಡಿಗೆ ಕೋಣೆ ತಪ್ಪಿಹೋಗಬಹುದು!

ಎಲ್ಲವೂ ಹೀಗೆ ಹೊಂದುವುದಿಲ್ಲ, ನಿಜ. ನಾವು ಹತ್ತೂಮುಕ್ಕಾಲು ಎನ್ನುವುದನ್ನು ಅವರು ‘ಓಂಜ್ ಅರ್ ಮ್ವಾಂ ಲ ಕಾರ್’, ಹನ್ನೊಂದಕ್ಕೆ ಕಾಲು ಗಂಟೆ ಕಡಿಮೆ, ಎನ್ನುತ್ತಾರೆ. ಕಚೇರಿಯವರು ಸಂಜೆ ಐದನ್ನು ನಮ್ಮ ರೈಲ್ವೆ ವೇಳಾಪಟ್ಟಿಯಂತೆ ಹದಿನೇಳು ಗಂಟೆ ಎಂದು ಬರೆಯುತ್ತಾರೆ. ಮನೆಗೆ ಊಟಕ್ಕೆ ಕರೆದರೆ ಹತ್ತು ಹದಿನೈದು ನಿಮಿಷ ತಡವಾಗಿ ಹೋಗುವುದು ಅಲ್ಲಿ ಮರ್ಯಾದೆ. ಡಾಕ್ಟರ ಬಳಿಗೆ ಹಾಗೆ ಹೋಗುವಂತಿಲ್ಲ. ಇವನ್ನು ಕಲಿತೇ ತಿಳಿಯಬೇಕು.

ಆದ್ದರಿಂದ ವಿದ್ಯಾರ್ಥಿಗಳೇ, ಭೇಟಿ ಗೊತ್ತುಮಾಡುವಾಗ ವಾರದ ಜೊತೆಗೆ ತಾರೀಖನ್ನೂ ಹೇಳಿ, ಅವರ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಳ್ಳಿ. ತಂದೆತಾಯಿಗಳಿಗೆ ಒಂದೇ ಮಾತು. ಶಾಲೆಯಲ್ಲಿ ಯಾವ ಭಾಷೆಯನ್ನಾದರೂ ಕೊಡಿಸಿ, ಅಜ್ಜಿಯ ಜೊತೆ ಮಗು ಕನ್ನಡದಲ್ಲಿ ಮಾತಾಡುವುದನ್ನು ಮಾತ್ರ ತಪ್ಪಿಸಬೇಡಿ.