ಶನಿವಾರದ ಶಾಲೆ

ಶನಿವಾರ ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಗೋಡೆಯಾಚೆ ಅಳು ಶುರು. ಮಗಳ ಮನೆ ಇರುವುದು ಲಂಡನ್ನಿನ ಪಶ್ಚಿಮಕ್ಕೆ, ಈಲಿಂಗ್‌ನಲ್ಲಿ. ಒಂದಕ್ಕೊಂದು ಅಂಟಿಕೊಂಡ ಮನೆಗಳು. ಪಕ್ಕದವರು ಕೆಮ್ಮಿದರೂ ಕೇಳುತ್ತದೆ. ಆ ಮಟ್ಟಿಗೆ ನಾನು ಮೂವತ್ತು ವರ್ಷ ಕಳೆದ ಡೊಂಬಿವಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಬಿಡಿ. ಮೊದಲ ಸಲ ಕೇಳಿದಾಗ ಮಗು ಎಲ್ಲೋ ಬಿತ್ತೇನೋ ಅಂದುಕೊಂಡೆ. ಮಗಳು ನಕ್ಕಳು. "ಏನಿಲ್ಲಪ್ಪ, ಇವತ್ತು ಶನಿವಾರ ಅಲ್ವಾ, ಅವಳಿಗೆ ಪೋಲಿಷ್ ಸ್ಕೂಲು."

ಕಿವಿಗೊಟ್ಟು ಕೇಳಿದರೆ ತಮಾಷೆಯಾಗಿತ್ತು. ಅಳುವುದು ಇಂಗ್ಲಿಷಿನಲ್ಲಿ, ಗದರುವುದು ಪೋಲಿಷಿನಲ್ಲಿ.

ಆ ಹುಡುಗಿಗೆ ಆರು ವರ್ಷ, ನನ್ನ ಮೊಮ್ಮಗಳ ಓರಗೆಯವಳು. ವಾರದ ಐದು ದಿನ ಇಬ್ಬರೂ ಒಂದೇ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಶನಿವಾರ ನಮ್ಮವಳು ಈಜಲು ಹೋದರೆ ಅವಳು ಬ್ಯಾಗು ಹೊತ್ತು ಇನ್ನೊಂದು ಶಾಲೆಗೆ. ಬ್ರಿಟನ್ನಿನಲ್ಲಿ ಇಂಥ ಶನಿವಾರದ ಶಾಲೆಗಳು ನೂರಕ್ಕೂ ಹೆಚ್ಚಿವೆ. ಎರಡನೇ ಮಹಾಯುದ್ಧ ಮುಗಿದಾಗ ಊರಿಗೆ ಮರಳಲಾಗದೆ ಉಳಿದುಹೋದ ಪೋಲಿಷ್ ಸೈನಿಕರು, ಅವರ ಮನೆಮಂದಿ ಶುರುಮಾಡಿದ್ದು. ಅವುಗಳ ಬೆನ್ನಿಗೆ ನಿಂತ ಸಂಸ್ಥೆ, ಪೋಲ್ಸ್ಕಾ ಮಾಚೆಶ್ ಷ್ಕೋಲ್ನಾ, ಲಂಡನ್ನಿನಲ್ಲಿ ಹುಟ್ಟಿದ್ದು 1953ರಲ್ಲಿ. 2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಕೆಲಸ ಹುಡುಕಿ ಬಂದವರ ಮಕ್ಕಳಿಂದ ಶಾಲೆಗಳು ತುಂಬಿದವು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಆರು ಲಕ್ಷಕ್ಕೂ ಹೆಚ್ಚು ಜನ ಪೋಲಿಷ್ ತಮ್ಮ ಮುಖ್ಯ ಭಾಷೆ ಅಂತ ಬರೆಸಿದ್ದಾರೆ.

ಇಷ್ಟಾದರೂ ಹೆಚ್ಚಿನ ಶಾಲೆಗಳಿಗೆ ಸ್ವಂತ ಕಟ್ಟಡವಿಲ್ಲ. ಯಾವುದೋ ಇಂಗ್ಲಿಷ್ ಶಾಲೆಯ ಕೋಣೆಗಳು ಶನಿವಾರ ಮೂರು-ನಾಲ್ಕು ಗಂಟೆ ಬಾಡಿಗೆಗೆ. ಗೋಡೆಯ ಚಿತ್ರ ಮುಟ್ಟಬಾರದು, ಬೆಂಚು ಇದ್ದಲ್ಲೇ ಇಟ್ಟು ಹೋಗಬೇಕು. ಗೇಟು ಕಾಯುವುದು, ಚಹಾ ಮಾಡುವುದು, ಬಿಡುವಿನಲ್ಲಿ ಜಾಮ್ ತುಂಬಿದ ಪೋಂಚ್ಕಿ ಮಾರಿ ಕಾಸು ಕೂಡಿಸುವುದು ತಂದೆತಾಯಿಗಳ ಪಾಳಿ. ಭಾಷೆಯ ಜೊತೆ ಒಂದಿಷ್ಟು ಚರಿತ್ರೆ, ಭೂಗೋಳ. ದೊಡ್ಡವರಾದ ಮೇಲೆ ಜಿಸಿಎಸ್‌ಇ ಪರೀಕ್ಷೆಗೆ ಪೋಲಿಷ್ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಆದರೆ ಆರು ವರ್ಷದ ಹುಡುಗಿಗೆ ಅದೆಲ್ಲ ಯಾಕೆ ಬೇಕು? ಅವಳಿಗೆ ಬೇಕಾದದ್ದು ಈಜುಕೊಳ.

ಶುಕ್ರವಾರ ಸಂಜೆ ಅವಳ ಹೋಮ್‌ವರ್ಕ್ ಒಮ್ಮೊಮ್ಮೆ ನಮ್ಮ ಊಟದ ಮೇಜಿನ ಮೇಲೇ ನಡೆಯುತ್ತಿತ್ತು. ನಾನು ಎದುರು ಕೂತು ನೋಡುತ್ತಿದ್ದೆ. ನಮ್ಮ ಮಕ್ಕಳಿಗಿಲ್ಲದ ಒಂದು ಕಷ್ಟ ಅವಳಿಗಿತ್ತು. ಲಿಪಿ ಅದೇ, ಉಚ್ಚಾರ ಬೇರೆ. ಸೋಮವಾರದಿಂದ ಶುಕ್ರವಾರದವರೆಗೆ 'ಜೆ' ಅಕ್ಷರ ಕಂಡರೆ 'ಜ' ಅನ್ನಬೇಕು, ಶನಿವಾರ 'ಯ' ಅನ್ನಬೇಕು. ಮೊಟ್ಟೆಗೆ ಅವರ ಮಾತು ಯೈಕೊ. ಅವಳು ಜಜ್ಕೊ ಅಂತ ಓದಿ ಅಮ್ಮನ ಮುಖ ನೋಡುತ್ತಿದ್ದಳು. 'ಏನು' ಅನ್ನಲು ತ್ಸೊ. ಅವಳಿಗೆ ಅದು ಕೋ. ಕನ್ನಡ ಕಲಿಯುವ ಮಗುವಿಗೆ ಲಿಪಿಯೇ ಹೊಸದು, ಕಲಿಯಲು ಹೆಚ್ಚು ದಿನ ಹಿಡಿಯುತ್ತದೆ, ಆದರೆ ಹೀಗೆ ಒಂದರ ಮೇಲೊಂದು ಕೂತು ಜಗಳವಾಡುವುದಿಲ್ಲ.

ಇನ್ನೊಂದು ಸಂಗತಿ ಕಂಡು ನನಗೆ ನಗು ತಡೆಯಲಾಗಲಿಲ್ಲ. ಅವಳ ಅಮ್ಮ ಮೂರು ಶಬ್ದ ಹೇಳಿ ಬರೆಸುತ್ತಿದ್ದರು. ಮೂರೂ ಒಂದೇ ಥರ ಕೇಳಿಸುತ್ತದೆ ಅಂತ ಹುಡುಗಿ ಹಟ. ನನಗೆ ಮಾತ್ರ ಸ್ಪಷ್ಟವಾಗಿ ಬೇರೆ ಬೇರೆ ಕೇಳಿತು. ಒಂದು ಚೀಟಿಯಲ್ಲಿ ಬರೆದುಕೊಂಡೆ: ಕಾಸಾ, ಕಾಶಾ, ಕಾಷಾ. ಮೊದಲನೆಯದು ದುಡ್ಡಿನ ಕೌಂಟರು, ಎರಡನೆಯದು ಹುಡುಗಿಯ ಹೆಸರು, ಮೂರನೆಯದು ಗಂಜಿ. ನಮ್ಮ ಸ, ಶ, ಷ! ನಾವು ಬರೆಯುವಾಗ ಮಾತ್ರ ಬೇರೆ ಮಾಡಿ, ಬಾಯಲ್ಲಿ ಶ-ಷ ಎರಡನ್ನೂ ಒಂದು ಮಾಡಿಕೊಂಡಿದ್ದೇವೆ. ಅವರು ಇನ್ನೂ ಬಾಯಲ್ಲೂ ಉಳಿಸಿಕೊಂಡಿದ್ದಾರೆ. ಚೀಟಿ ನೋಡಿ ಆ ತಾಯಿ, "ನಿಮ್ಮ ಅಕ್ಷರವೇ ನಮಗೆ ಚೆನ್ನಾಗಿ ಹೊಂದುತ್ತೆ" ಅಂದರು.

ವಿಭಕ್ತಿಗಳೂ ಏಳು, ಸಂಬೋಧನೆ ಸೇರಿ. ಅಜ್ಜಿಗೆ ಬಾಪ್ಚಾ, ಕರೆಯುವಾಗ ಬಾಪ್ಚು ಆಗಬೇಕು, ನಾವು 'ಅಜ್ಜೀ' ಅಂತ ಎಳೆದ ಹಾಗೆ. ಹೊರಗೆ ಬೆಳೆದ ಮಕ್ಕಳ ಮಾತಿನಲ್ಲಿ ಮೊದಲು ಸವೆಯುವುದು ಇಂಥವೇ. ಫೋನಿನಲ್ಲಿ ಮೊಮ್ಮಗಳು ಬಾಪ್ಚಾ ಅಂದೊಡನೆ ಅಲ್ಲಿಂದ ಅಜ್ಜಿ ತಿದ್ದುತ್ತಾರಂತೆ. ಯಾಕಿಷ್ಟು ಕಷ್ಟಪಡುತ್ತೀರಿ ಅಂತ ಕೇಳಿದೆ. ಭಾಷಾಭಿಮಾನದ ಭಾಷಣ ಬರಬಹುದು ಅಂದುಕೊಂಡಿದ್ದೆ. "ನನ್ನಮ್ಮನಿಗೆ ಇಂಗ್ಲಿಷ್ ಬರೋದಿಲ್ಲ" ಅಂದರು, ಅಷ್ಟೇ.

ಅಭಿಮಾನಕ್ಕೆ ಕಾರಣಗಳು ಅವರಿಗೆ ಬೇಕಾದಷ್ಟಿವೆ. 1795ರಿಂದ 1918ರವರೆಗೆ ಅವರ ದೇಶ ಭೂಪಟದಲ್ಲೇ ಇರಲಿಲ್ಲ, ನೆರೆಯ ಮೂವರು ಹಂಚಿಕೊಂಡಿದ್ದರು. ಜರ್ಮನರ ಕೈಯಲ್ಲಿದ್ದ ವ್ಝೆಶ್ನ್ಯಾ ಅನ್ನುವ ಊರಿನಲ್ಲಿ 1901ರಲ್ಲಿ ಧರ್ಮಪಾಠಕ್ಕೆ ಜರ್ಮನ್‌ನಲ್ಲಿ ಉತ್ತರ ಹೇಳೆವು ಅಂದ ಮಕ್ಕಳು ಬೆತ್ತದೇಟು ತಿಂದರು. ಮಹಾಯುದ್ಧದ ಕಾಲದಲ್ಲಿ ಮನೆಗಳಲ್ಲಿ ಗುಟ್ಟಾಗಿ ಪಾಠ ನಡೆಯಿತು. ಅಷ್ಟು ದೂರ ಯಾಕೆ, ಕೊಲ್ಲಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರಿದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಅಲ್ಲಿಯೂ ಪೋಲಿಷ್ ಶಾಲೆಗಳು! ಅಲ್ಲಿಂದ ಎಷ್ಟೋ ಮಂದಿ ಕೊನೆಗೆ ಇಂಗ್ಲೆಂಡಿಗೇ ಹೋದರು. ಕೊಂಕಣ ರೈಲು ಬರುವ ಮೊದಲು ನಾವು ಊರಿಗೆ ಹೋಗುತ್ತಿದ್ದ ಬಸ್ಸು ಕೊಲ್ಲಾಪುರದ ಮೇಲೇ ಸಾಗುತ್ತಿತ್ತು. ಎಷ್ಟು ಸಲ ನಿದ್ದೆಯಲ್ಲಿ ದಾಟಿದ್ದೇನೋ.

ಅಕ್ಟೋಬರಿನಲ್ಲಿ ಒಂದು ಶನಿವಾರ ನಮ್ಮನ್ನೂ ಕರೆದರು. ಒಂದನೇ ಕ್ಲಾಸಿನ ಮಕ್ಕಳನ್ನು ವಿಧಿಪೂರ್ವಕವಾಗಿ ವಿದ್ಯಾರ್ಥಿಗಳನ್ನಾಗಿ ಸೇರಿಸಿಕೊಳ್ಳುವ ದಿನ. ಬಿಳಿ ಅಂಗಿ, ತಲೆಗೆ ರಟ್ಟಿನ ಟೋಪಿ. ಮಕ್ಕಳು ಸಾಲಾಗಿ ನಿಂತು ಪ್ರತಿಜ್ಞೆ ಹೇಳಿದರು, ಪದ್ಯ ಹೇಳಿದರು. ಆಮೇಲೆ ಮುಖ್ಯೋಪಾಧ್ಯಾಯಿನಿ ಒಂದು ಭಾರೀ ಪೆನ್ಸಿಲ್ ಹಿಡಿದು ಬಂದರು. ನನ್ನ ಕೈಯಷ್ಟು ಉದ್ದ. ರಾಜ ಸೈನಿಕನ ಭುಜಕ್ಕೆ ಕತ್ತಿ ಮುಟ್ಟಿಸುವ ಹಾಗೆ ಒಬ್ಬೊಬ್ಬರ ಭುಜಕ್ಕೂ ಪೆನ್ಸಿಲ್ ಮುಟ್ಟಿಸುತ್ತಾ ಹೋದರು. ಶನಿವಾರ ಶನಿವಾರ ಅಳುತ್ತಿದ್ದ ನಮ್ಮ ಪಕ್ಕದ ಮನೆಯವಳು ಅಂದು ಉಸಿರು ಬಿಗಿಹಿಡಿದು ನಿಂತಿದ್ದಳು. ವಿಜಯದಶಮಿಯಂದು ಅಕ್ಕಿಯ ತಟ್ಟೆಯಲ್ಲಿ ಅಮ್ಮ ನನ್ನ ಬೆರಳು ಹಿಡಿದದ್ದು ನೆನಪಾಯಿತು. ಮುಗಿದ ಕೂಡಲೇ ಅದೇ ಮಕ್ಕಳು ಕಾರಿಡಾರಿನಲ್ಲಿ ಇಂಗ್ಲಿಷಿನಲ್ಲಿ ಕಿರುಚಾಡುತ್ತಾ ಓಡಿದರು. ಹಿಂದಿನಿಂದ ಟೀಚರೊಬ್ಬರು "ಪೋ ಪೋಲ್ಸ್ಕು! ಪೋ ಪೋಲ್ಸ್ಕು!" ಅಂತ ಕೂಗಿದರು. ಪೋಲಿಷ್‌ನಲ್ಲಿ, ಪೋಲಿಷ್‌ನಲ್ಲಿ. ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಬರುವಾಗ ಬಸ್ಸಿನಲ್ಲಿ ಮೊಮ್ಮಗಳು, "ಅಜ್ಜ, ನಂಗ್ಯಾವಾಗ ಪೆನ್ಸಿಲ್?" ಅಂದಳು. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅದಕ್ಕೆ ಕಾರಣವಿದೆ. 1998ರಲ್ಲಿ ನಮ್ಮ ಕಡೆಯ ಕನ್ನಡ ಸಂಘದಲ್ಲಿ ಭಾನುವಾರ ಕನ್ನಡ ತರಗತಿ ಇತ್ತು. ಹತ್ತೋ ಹನ್ನೆರಡೋ ಮಕ್ಕಳು, ನಿವೃತ್ತ ಮೇಷ್ಟ್ರೊಬ್ಬರು. ಮಗಳಿಗೆ ಆಗ ಒಂಬತ್ತು ವರ್ಷ. ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಳು. ಅಷ್ಟರಲ್ಲಿ ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆಯ ಕೋಚಿಂಗು ಅದೇ ಹೊತ್ತಿಗೆ ಬಂತು. ಬಿಡಿಸಿದವನು ನಾನೇ. ಮೇಷ್ಟ್ರು ಮನೆಗೆ ಬಂದು ಕೇಳಿದರು. "ಮನೇಲಿ ಮಾತಾಡ್ತಾಳಲ್ಲ ಮೇಷ್ಟ್ರೇ, ಓದೋದು ಆಮೇಲೆ ಕಲಿತಾಳೆ" ಅಂದೆ. ಅವರು ಚಹಾ ಕುಡಿದು ಹೋದರು. ಮರುವರ್ಷ ಮಕ್ಕಳಿಲ್ಲದೆ ತರಗತಿಯೇ ನಿಂತಿತು. ಸ್ಕಾಲರ್‌ಶಿಪ್ಪೂ ಬರಲಿಲ್ಲ.

ಕುಂದಾಪುರದಿಂದ ನನ್ನಮ್ಮ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ಕೊನೆಯಲ್ಲಿ ಮೊಮ್ಮಗಳಿಗೆಂದೇ ಎರಡು ಸಾಲು ಇರುತ್ತಿತ್ತು, ಮಗುವಿಗೆ ಓದಲು ಸುಲಭವಾಗಲಿ ಅಂತ ದಪ್ಪ ಅಕ್ಷರದಲ್ಲಿ. ನಾನು ಓದಿ ಹೇಳುತ್ತಿದ್ದೆ. 2003ರಲ್ಲಿ ಅಮ್ಮ ಹೋದರು. ಆ ಪತ್ರಗಳನ್ನು ಮಗಳು ಲಂಡನ್ನಿಗೂ ಒಯ್ದಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಂದಿಟ್ಟಳು. ಒಂದನ್ನು ತೆಗೆದು ತಾನೇ ಓದಲು ಹೊರಟಳು. "ಪು... ಟಿ?" "ಟ್ಟಿ. ಕೆಳಗೆ ಒತ್ತಿದೆ ನೋಡು." ಪುಟ್ಟಿಗೆ ಹಲಸಿನ ಹಪ್ಪಳ ಕಳಿಸಿದ್ದೇನೆ ಅನ್ನುವ ಸಾಲು ಮುಗಿಯಲು ನಾಲ್ಕೈದು ನಿಮಿಷ ಹಿಡಿಯಿತು. "ಉಳಿದದ್ದು ನೀವೇ ಓದಿ ಅಪ್ಪ" ಅಂದಳು. ಓದಿದೆ.

ಈಗ ಶನಿವಾರ ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ನಮಗೆ ಮಧ್ಯಾಹ್ನ ಎರಡೂವರೆಗೆ, ವೀಡಿಯೋ ಕಾಲ್‌ನಲ್ಲಿ ಅಮ್ಮ-ಮಗಳು ಇಬ್ಬರೂ ಸ್ಲೇಟು ಹಿಡಿದು ಕೂರುತ್ತಾರೆ. ಈಜು ಸಂಜೆಗೆ ಹೋಗಿದೆ. ಅರ್ಧ ಗಂಟೆ ಅಂತ ಹೆಸರಿಗೆ, ನಡೆಯುವುದು ಇಪ್ಪತ್ತು ನಿಮಿಷ. ಹೋದ ವಾರ ಯಾರದೋ ಬರ್ತ್‌ಡೇ ಅಂತ ತಪ್ಪಿತು. ಅದರ ಹಿಂದಿನ ವಾರ 'ಳ'ದಲ್ಲಿ ಸಿಕ್ಕಿಹಾಕಿಕೊಂಡೆವು. ಹಪ್ಪಲ ಅನ್ನುತ್ತಾಳೆ ಮೊಮ್ಮಗಳು. ನಾಲಗೆ ಮೇಲಕ್ಕೆ ಮಡಚು ಅಂದರೆ ಮಡಚಿದ ನಾಲಗೆಯನ್ನು ಕ್ಯಾಮೆರಾಕ್ಕೆ ತೋರಿಸುತ್ತಾ ಪೆನ್ಸಿಲ್ ಎಲ್ಲಿ ಅಂತ ಕೇಳುತ್ತಾಳೆ. ಇಲ್ಲಿ ಒಬ್ಬ ಬಡಗಿಗೆ ಹೇಳಿದ್ದೇನೆ. ಎಷ್ಟು ಉದ್ದ ಬೇಕು ಅಂತ ಎರಡು ಸಲ ಕೇಳಿದ, ನಂಬಿಕೆ ಬಾರದೆ.