ಶಸ್ತ್ರ ಹಿಡಿಯುವ ಮುನ್ನ

ಮಗಳ ಹೌಸ್ ಸರ್ಜನ್ಸಿ ಮುಗಿದ ದಿನ ಮನೆಯಲ್ಲಿ ಹೋಳಿಗೆಯಾಯಿತು. ಐದೂವರೆ ವರ್ಷಗಳ ತಪಸ್ಸು ಫಲಿಸಿತೆಂದು ತಂದೆ ನೆಮ್ಮದಿಯ ಉಸಿರುಬಿಟ್ಟರು. ಎಲೆ ತೆಗೆಯುವ ಮೊದಲೇ ಅವಳು, “ಮುಂದೆ ಸರ್ಜರಿ ಓದಬೇಕೆಂದಿದ್ದೇನೆ” ಎಂದಳು. ಹೋಳಿಗೆಯ ಸವಿ ಅಲ್ಲಿಗೆ ಮುಗಿಯಿತು.

ತಾಯಿಯ ಚಿಂತೆ ವಯಸ್ಸಿನದು. ಎಂ.ಎಸ್.ಗೆ ಮೂರು ವರ್ಷ; ಹೃದಯವನ್ನೋ ಮೂತ್ರಪಿಂಡವನ್ನೋ ನೆಚ್ಚಿಕೊಂಡರೆ ಎಂ.ಸಿಎಚ್.ಗೆ ಮತ್ತೆ ಮೂರು. ಒಂದು ವರ್ಷವೂ ವ್ಯರ್ಥವಾಗದಿದ್ದರೂ ಮೂವತ್ತರ ಹೊಸ್ತಿಲು! ಮದುವೆಯ ಮಾತನ್ನು ಯಾವಾಗ ಎತ್ತುವುದು?

ತಂದೆಯದು ಲೆಕ್ಕದ ಚಿಂತೆ. ಕರ್ನಾಟಕ ಸರ್ಕಾರವು 2020ರಲ್ಲಿ ಮೊದಲ ವರ್ಷದ ಸ್ನಾತಕೋತ್ತರ ವೈದ್ಯರ ಮಾಸಿಕ ಭತ್ಯವನ್ನು 30,000 ರೂಪಾಯಿಗಳಿಂದ 45,000ಕ್ಕೆ ಏರಿಸಿತು. ಗೊಣಗುವಂಥ ಮೊತ್ತವೇನೂ ಅಲ್ಲ. ಆದರೆ ಚರ್ಮರೋಗ ವಿಭಾಗದಲ್ಲಿ ಕಲಿಯುವವರಿಗೂ ಅಷ್ಟೇ. ಅವರಿಗೆ ಸಂಜೆಯ ಕಾಫಿ ಬಹುಮಟ್ಟಿಗೆ ಮನೆಯಲ್ಲಿಯೇ.

ಕಿರಿಯ ವೈದ್ಯರ ದುಡಿಮೆ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ಹೇಳಿದೆ. ಆದರೆ ಅಪೆಂಡಿಕ್ಸ್ ಒಡೆದ ರೋಗಿ ಗಡಿಯಾರ ನೋಡಿ ಬರುವನೆ? ‘ರೆಸಿಡೆಂಟ್’ ಎಂಬ ಹೆಸರಿನಲ್ಲಿಯೇ ಎಚ್ಚರಿಕೆ ಅಡಗಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದುದು 1889ರಲ್ಲಿ. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಶಸ್ತ್ರವೈದ್ಯರನ್ನು ತರಬೇತುಗೊಳಿಸುವ ಈ ಕ್ರಮಕ್ಕೆ ರೂಪ ಕೊಟ್ಟಾಗ ಕಲಿಯುವವರು ಆಸ್ಪತ್ರೆಯಲ್ಲಿಯೇ ವಾಸಿಸುತ್ತಿದ್ದರು. ಅಂದಿನ ವಾಸ ಹೋದರೂ ಹೆಸರು ಉಳಿದಿದೆ. ಅದರ ಅರ್ಥವೂ ಪೂರ್ತಿ ಸವೆದಿಲ್ಲ.

“ಇಷ್ಟೆಲ್ಲ ಯಾತಕ್ಕೆ?” ಎಂದರು ತಾಯಿ.

ಸಂಜೆ ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದ ಹುಡುಗನೊಬ್ಬ, ಶಸ್ತ್ರಕ್ರಿಯೆಯಾದ ಎರಡನೆಯ ದಿನ ಎದ್ದು ಕುಳಿತು ಗಂಜಿ ಬೇಡವೆಂದು ಹಟ ಹಿಡಿದುದನ್ನು ಅವಳು ಹೇಳಿದಳು. ತಾಯಿ ನಕ್ಕರು. ಅವಳು ನಗಲಿಲ್ಲ. ಮತ್ತೊಂದು ರಾತ್ರಿ ಮೇಜಿನ ಮೇಲಿದ್ದವರು ಏಳಲಿಲ್ಲ. ಹಿರಿಯ ಸರ್ಜನ್ ಹೊರಗೆ ಹೋಗಿ, ಮನೆಯವರಿಗೆ ತಾವೇ ತಿಳಿಸಿ, ಅವರ ಅಳು ನಿಲ್ಲುವವರೆಗೂ ನಿಂತಿದ್ದು, ಬಂದು ಮತ್ತೆ ಕೈ ತೊಳೆದುಕೊಂಡರು. ಮುಂದಿನ ರೋಗಿ ಕಾಯುತ್ತಿದ್ದ. “ಅಂದೂ ನಾನು ಪಕ್ಕದಲ್ಲಿದ್ದೆ. ಬೆಳಗಾದ ಮೇಲೂ ಅದೇ ಕೋಣೆಗೆ ಹೋಗಬೇಕೆನಿಸಿತು,” ಎಂದಳು.

ಮೊದಲನೆಯ ಅನುಭವವನ್ನಷ್ಟೇ ನಂಬಿ ಶಸ್ತ್ರ ಹಿಡಿಯುವುದು ಮೋಹ. ಎರಡನೆಯದನ್ನೂ ಕಂಡು ಹಿಡಿಯಬಯಸಿದರೆ ಅದು ವೃತ್ತಿ. ನಿದ್ರೆ, ಸಂಬಳ, ಲಗ್ನ, ಇವೆಲ್ಲ ತೂಗಬೇಕಾದುವೇ. ಆದರೆ ಈ ಕಲ್ಲನ್ನು ಇಡದ ತಕ್ಕಡಿ ಸುಳ್ಳು ಹೇಳುತ್ತದೆ.

“ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀಯೆ?” ತಾಯಿ ಕೇಳಿದರು.

“ಹೇಳಲಾಗದು, ಅಮ್ಮ.”

ತಂದೆ ಕನ್ನಡಕ ಒರೆಸಿಕೊಂಡರು. “ಹಾಗಾದರೆ ಬಾಗಿಲಿಗೆ ಇನ್ನೊಂದು ಬೀಗದ ಕೈ ಮಾಡಿಸಬೇಕು.”